ನಮ್ಮ ಹಳ್ಳದ ಸೇತುವೆಯೂ ಲಾರಿಯ ಭಾರವೂ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2004ರಲ್ಲಿ ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಮೇಲೆ ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮಾಡಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸಮಿತಿಯವರು ಫೋನ್ ಮಾಡಿ, "ನಿಮ್ಮ ಕ್ಷೇತ್ರದ ಬಗ್ಗೆ ಹದಿನೈದು ಇಪ್ಪತ್ತು ನಿಮಿಷ ಮಾತಾಡಿ, ಮಕ್ಕಳಿಗೆ ಸ್ಫೂರ್ತಿ ಸಿಗಲಿ" ಅಂದರು. ಸ್ಫೂರ್ತಿ ಕೊಡುವಷ್ಟು ದೊಡ್ಡವನು ನಾನಲ್ಲ. ಅದರ ಬದಲು ನಾವೆಲ್ಲರೂ ದಿನವೂ ದಾಟುವ ಒಂದು ವಸ್ತುವಿನ ಬಗ್ಗೆ ಮಾತಾಡುತ್ತೇನೆ. ಅದು ಊರ ಮುಂದೆ ಹೆದ್ದಾರಿಯಲ್ಲಿರುವ ಹಳ್ಳದ ಸೇತುವೆ. ಈ ಸಭೆಯಲ್ಲಿ ಕೂತಿರುವ ಮಕ್ಕಳಲ್ಲಿ ಅರ್ಧದಷ್ಟು ಜನ ಅದನ್ನು ದಾಟಿಕೊಂಡೇ ಬಂದವರು.

ಮೊದಲು ಒಂದು ಹಳೆಯ ಸಂಗತಿ. ನಮ್ಮ ತಂದೆ ಲಾರಿ ಡ್ರೈವರ್ ಆಗಿದ್ದವರು ಅಂತ ನಿಮಗೆಲ್ಲ ಗೊತ್ತು. ಕಬ್ಬಿನ ಕಾಲದಲ್ಲಿ ಊರಿಂದ ಕಾರ್ಖಾನೆಗೆ ಲೋಡ್ ಹೊಡೆಯುತ್ತಿದ್ದರು. ರಜೆ ಇದ್ದಾಗ ನಾನೂ ಕ್ಯಾಬಿನ್‌ನಲ್ಲಿ ಕೂತು ಹೋಗುತ್ತಿದ್ದೆ. ಹಳ್ಳದ ಸೇತುವೆ ಬಂದ ಕೂಡಲೇ ಅಪ್ಪ ಗಾಡಿ ನಿಲ್ಲಿಸುತ್ತಿದ್ದರು. ಎದುರಿನಿಂದ ಇನ್ನೊಂದು ಲಾರಿ ಬರುತ್ತಿದ್ದರೆ ಅದು ಪೂರ್ತಿ ದಾಟುವ ತನಕ ಕಾಯುತ್ತಿದ್ದರು. ಆಮೇಲೆ ಫಸ್ಟ್ ಗೇರಿಗೆ ಹಾಕಿ, ರಸ್ತೆಯ ನಟ್ಟನಡುವೆ, ನಡೆಯುವ ವೇಗದಲ್ಲಿ ದಾಟುತ್ತಿದ್ದರು. ಹಿಂದಿನವರು ಹಾರನ್ ಹೊಡೆದು ಬೈದರೂ ಕೇಳುತ್ತಿರಲಿಲ್ಲ. ಯಾಕಪ್ಪಾ ಹೀಗೆ ಅಂತ ಒಮ್ಮೆ ಕೇಳಿದೆ. "ಗಾಡಿಗೆ ಭಾರ ಜಾಸ್ತಿಯಾದ್ರೆ ಕಮಾನು ಪಟ್ಟಿ ಕಟ್ಟಾಯ್ತದೆ, ಟೈರ್ ಸಿಡೀತದೆ, ನಮಗೆ ಗೊತ್ತಾಯ್ತದೆ. ಸೇತುವೆಗೆ ಭಾರ ಜಾಸ್ತಿಯಾದ್ರೆ ಅದು ಹೇಳಾಕಿಲ್ಲ ಕಣ್ಲಾ" ಅಂದರು.

ಆ ಮಾತು ಮರೆತೇಹೋಗಿತ್ತು. ಅದು ನೆನಪಾದದ್ದು ಕೆಲಸಕ್ಕೆ ಸೇರಿ ಕೆಲವು ವರ್ಷ ಆದಮೇಲೆ.

ನನ್ನ ಕೆಲಸ ಏನೆಂದು ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ದೊಡ್ಡ ಹೆದ್ದಾರಿಗಳಲ್ಲಿ ಒಂದು ಲಾರಿಯ ಒಟ್ಟು ತೂಕ 80,000 ಪೌಂಡ್, ಅಂದರೆ ಸುಮಾರು 36 ಟನ್ ಮೀರಬಾರದು ಅನ್ನುವುದು ಸಾಮಾನ್ಯ ಮಿತಿ. ಅದಕ್ಕಿಂತ ಹೆಚ್ಚು ಭಾರದ ವಸ್ತು, ಉದಾಹರಣೆಗೆ ವಿದ್ಯುತ್ ಕೇಂದ್ರದ ದೊಡ್ಡ ಟ್ರಾನ್ಸ್‌ಫಾರ್ಮರ್, ಸಾಗಿಸಬೇಕಾದರೆ ಆ ರಾಜ್ಯ ಸರ್ಕಾರದಿಂದ ಪರ್ಮಿಟ್ ಪಡೆಯಬೇಕು. ಲಾರಿಗೆ ಎಷ್ಟು ಅಚ್ಚು, ಒಂದೊಂದು ಅಚ್ಚಿನ ಮೇಲೆ ಎಷ್ಟು ಭಾರ, ಅಚ್ಚಿನಿಂದ ಅಚ್ಚಿಗೆ ಎಷ್ಟು ದೂರ, ಯಾವ ದಾರಿ, ಎಲ್ಲ ಬರೆದು ಅರ್ಜಿ ಹಾಕಬೇಕು. ಆ ದಾರಿಯ ಪ್ರತಿಯೊಂದು ಸೇತುವೆಯೂ ಆ ಲಾರಿಯನ್ನು ತಾಳುತ್ತದೆಯೇ ಎಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ಒಂದಿದೆ. ಅದನ್ನು ಬರೆಯುವ ತಂಡದಲ್ಲಿ ನಾನೊಬ್ಬ. ಸೇತುವೆಯ ವಿದ್ಯೆ ನನ್ನದಲ್ಲ, ಜೊತೆಯಲ್ಲಿರುವ ಸಿವಿಲ್ ಇಂಜಿನಿಯರುಗಳು ಕಲಿಸಿದ್ದು.

ಲೆಕ್ಕದಲ್ಲಿ ಸೇತುವೆ ಅಂಚಿನಲ್ಲಿ ಪಾಸಾದರೆ ಪರ್ಮಿಟ್ಟಿನಲ್ಲಿ ಕೆಲವು ಷರತ್ತು ಹಾಕುತ್ತಾರೆ. ಸೇತುವೆಯ ಮೇಲೆ ನಡೆಯುವ ವೇಗದಲ್ಲಿ ಹೋಗಬೇಕು. ರಸ್ತೆಯ ಮಧ್ಯದಲ್ಲೇ ಹೋಗಬೇಕು. ಆ ಹೊತ್ತಿನಲ್ಲಿ ಬೇರೆ ವಾಹನ ಸೇತುವೆಯ ಮೇಲೆ ಇರಬಾರದು. ಈ ಮೂರು ಸಾಲು ಮೊದಲ ಸಲ ಓದಿದ ದಿನ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತುಬಿಟ್ಟೆ. ಏಳನೇ ಕ್ಲಾಸು ಓದಿದ ಅಪ್ಪ ನಮ್ಮ ಹಳ್ಳದ ಸೇತುವೆಯಲ್ಲಿ ಮಾಡುತ್ತಿದ್ದದ್ದೂ ಅದೇ ಮೂರು.

ನಿಧಾನ ಯಾಕೆ? ಓಡುವ ಲಾರಿ ಕುಲುಕುತ್ತದೆ, ಕುಲುಕಿದಾಗ ಅದರ ಭಾರ ನಿಂತಿದ್ದಾಗಿನ ಭಾರಕ್ಕಿಂತ ಹೆಚ್ಚಾಗಿ ಬೀಳುತ್ತದೆ. ನಮ್ಮ ದೇಶದಲ್ಲಿ ಸೇತುವೆ ವಿನ್ಯಾಸಕ್ಕೆ ನಿಯಮ ಕೊಡುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅವರ ಸೂತ್ರದಂತೆ 10 ಮೀಟರ್ ಅಂಕಣದ ಕಾಂಕ್ರೀಟ್ ಸೇತುವೆಗೆ ಸಾಮಾನ್ಯ ಲಾರಿ ಸಾಲಿನ ಭಾರದ ಮೇಲೆ ಶೇಕಡ 28ರಷ್ಟು ಈ ಕುಲುಕಿಗಾಗಿ ಸೇರಿಸಬೇಕು. ಅಂಕಣ ಅಂದರೆ ಒಂದು ಕಂಬದಿಂದ ಇನ್ನೊಂದು ಕಂಬದವರೆಗಿನ ಭಾಗ. ನಡುವೆ ಯಾಕೆ? ಅಂಚಿನಲ್ಲಿ ಹೋದರೆ ಒಂದೇ ಪಕ್ಕದ ತೊಲೆ ಹೆಚ್ಚು ಹೊರಬೇಕು, ನಡುವೆ ಹೋದರೆ ತೊಲೆಗಳೆಲ್ಲ ಹಂಚಿಕೊಳ್ಳುತ್ತವೆ. ಒಂಟಿಯಾಗಿ ಯಾಕೆ ಅನ್ನುವುದನ್ನು ನಾನು ಹೇಳಬೇಕಾಗಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಮಕ್ಕಳೇ, ಕಾಲುವೆಗೆ ಅಡ್ಡ ಹಾಕಿದ ತೆಂಗಿನ ದಿಮ್ಮಿ ದಾಟಿದ್ದೀರಲ್ಲ? ದಡದ ಹತ್ತಿರ ಇರುವಾಗ ಅದು ಅಷ್ಟಾಗಿ ಬಾಗುವುದಿಲ್ಲ. ನಡುವೆ ಹೋದಾಗ ಹೆಚ್ಚು ಬಾಗುತ್ತದೆ. ಇಬ್ಬರು ಒಬ್ಬರಿಗೊಬ್ಬರು ಅಂಟಿಕೊಂಡು ನಡುವೆ ನಿಂತರೆ ಇನ್ನೂ ಹೆಚ್ಚು. ಅದೇ ಇಬ್ಬರು ದೂರ ದೂರ ನಿಂತರೆ ಕಡಿಮೆ. ಸೇತುವೆಯ ಲೆಕ್ಕದ ಮೊದಲ ಪಾಠ ಇಷ್ಟೇ. ಒಟ್ಟು ಎಷ್ಟು ಟನ್ ಎನ್ನುವುದರ ಜೊತೆಗೆ ಆ ಭಾರ ಎಲ್ಲಿ, ಎಷ್ಟು ಹರಡಿ ಬಿದ್ದಿದೆ ಎಂಬುದನ್ನೂ ಕೇಳಬೇಕು.

10 ಮೀಟರ್ ಅಂಕಣದ ನಡುವೆ 20 ಟನ್ ಒಂದೇ ಕಡೆ ಬಿದ್ದರೆ ತೊಲೆಯನ್ನು ಬಾಗಿಸುವ ಪರಿಣಾಮ 50 ಟನ್-ಮೀಟರ್. ಅದೇ 20 ಟನ್ನನ್ನು ನಾಲ್ಕು ಮೀಟರ್ ಅಂತರದ ಎರಡು ಅಚ್ಚುಗಳಿಗೆ ಹತ್ತು ಹತ್ತು ಟನ್ ಹಂಚಿದರೆ ಅದು ಹೆಚ್ಚೆಂದರೆ 32ಕ್ಕೆ ಇಳಿಯುತ್ತದೆ. ತೂಕ ಅಷ್ಟೇ, ಪರಿಣಾಮ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆ. ಟ್ರಾನ್ಸ್‌ಫಾರ್ಮರ್ ಸಾಗಿಸುವ ಗಾಡಿಗೆ ಶತಪದಿಯ ಹಾಗೆ ಸಾಲು ಸಾಲು ಚಕ್ರ ಇರುವುದು ಇದಕ್ಕೇ. ಗಿಡ್ಡ ಟಿಪ್ಪರ್‌ಗೆ ಮಿತಿಮೀರಿ ತುಂಬಿದರೆ ಸೇತುವೆಗೆ ಹೆಚ್ಚು ಅಪಾಯ ಆಗುವುದೂ ಇದಕ್ಕೇ.

ಇನ್ನು ಎರಡನೇ ಪಾಠ. ಇದನ್ನು ಮನೆಯ ಖರ್ಚಿನ ಲೆಕ್ಕದಲ್ಲಿ ಹೇಳುತ್ತೇನೆ. ಒಬ್ಬರ ಆದಾಯ ತಿಂಗಳಿಗೆ 20,000 ರೂಪಾಯಿ. ಬಾಡಿಗೆ, ರೇಷನ್, ಮಕ್ಕಳ ಓದು, ಹೀಗೆ ತಪ್ಪಿಸಲಾಗದ ಖರ್ಚು 11,000. ಉಳಿಯುವುದು 9,000. ಸಾಲದ ಕಂತು 6,000 ಇದ್ದರೆ 9ನ್ನು 6ರಿಂದ ಭಾಗಿಸಿ, ಒಂದೂವರೆ ಬಂತು. ನೆಮ್ಮದಿಯಾಗಿದ್ದಾರೆ. ಸೇತುವೆಯಲ್ಲಿ ಆದಾಯ ಅಂದರೆ ಅದರ ತಾಳುವ ಶಕ್ತಿ. ತಪ್ಪಿಸಲಾಗದ ಖರ್ಚು ಅಂದರೆ ಅದರ ಸ್ವಂತ ತೂಕ. ಕಂತು ಅಂದರೆ ಕುಲುಕೂ ಸೇರಿದ ಲಾರಿಯ ಭಾರ. ಶಕ್ತಿಯಲ್ಲಿ ಸ್ವಂತ ತೂಕ ಕಳೆದು, ಉಳಿದದ್ದನ್ನು ಲಾರಿಯ ಭಾರದಿಂದ ಭಾಗಿಸಬೇಕು. ಉತ್ತರ ಒಂದಕ್ಕಿಂತ ಹೆಚ್ಚಿದ್ದರೆ ಪಾಸ್. ಜಗತ್ತಿನ ಬಹಳ ಕಡೆ ಸೇತುವೆಯ ಸುರಕ್ಷತೆ ಅಳೆಯುವುದು ಈ ಒಂದು ಕಳೆಯುವ, ಒಂದು ಭಾಗಿಸುವ ಲೆಕ್ಕದಿಂದಲೇ. ನಿಜವಾದ ಲೆಕ್ಕದಲ್ಲಿ ಪ್ರತಿ ಅಂಕಿಗೂ ಒಂದಿಷ್ಟು ಮುನ್ನೆಚ್ಚರಿಕೆ ಸೇರಿಸಿರುತ್ತಾರೆ, ಆದರೆ ತಿರುಳು ಇದೇ.

ಈಗ ಓವರ್‌ಲೋಡ್ ಮಾಡೋಣ. ಕಂತು ಒಂದೂವರೆ ಪಟ್ಟಾಗಿ 9,000 ಆಯಿತು. ಉತ್ತರ ಸರಿಯಾಗಿ ಒಂದು. ಕೈಯಲ್ಲಿ ಏನೂ ಉಳಿಯಲಿಲ್ಲ. ಅಷ್ಟರಲ್ಲಿ ತೊಲೆಯೊಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಶಕ್ತಿ ನೂರಕ್ಕೆ ಹತ್ತು ಕುಂದಿತು ಅನ್ನಿ. ಆದಾಯ 18,000. ಖರ್ಚು ಕಳೆದರೆ 7,000. ಆದಾಯ ಹತ್ತು ಭಾಗ ಇಳಿದರೆ ಉಳಿತಾಯ ಇಪ್ಪತ್ತೆರಡು ಭಾಗ ಇಳಿಯಿತು. 7ನ್ನು 9ರಿಂದ ಭಾಗಿಸಿದರೆ 0.78. ಫೇಲ್. ಫೇಲ್ ಅಂದರೆ ನಾಳೆ ಬೀಳುತ್ತದೆ ಅಂತಲ್ಲ. ಇಂಜಿನಿಯರುಗಳು ಕಷ್ಟಕಾಲಕ್ಕೆಂದು ಇಟ್ಟಿದ್ದ ಗಂಟನ್ನು ನಾವು ದಿನಖರ್ಚಿಗೆ ಬಳಸುತ್ತಿದ್ದೇವೆ ಅಂತ.

ಖರ್ಚಿನ ಕಡೆಯೂ ಒಂದು ವಿಷಯ ಇದೆ, ಅದು ನಮ್ಮ ಗಮನಕ್ಕೆ ಬರುವುದೇ ಇಲ್ಲ. ರಸ್ತೆಗೆ ಡಾಂಬರು ಹಾಕುವಾಗ ಸೇತುವೆಯ ಮೇಲೂ ಹಳೆಯ ಪದರ ಕೀಳದೆ ಹೊಸದನ್ನು ಹಾಕಿಕೊಂಡು ಹೋಗುವುದುಂಟು. 10 ಮೀಟರ್ ಉದ್ದ, 7 ಮೀಟರ್ ಅಗಲದ ಅಂಕಣದ ಮೇಲೆ 5 ಸೆಂಟಿಮೀಟರ್ ದಪ್ಪದ ಒಂದು ಪದರದ ತೂಕ ಸುಮಾರು 8 ಟನ್. ನಾಲ್ಕು ಪದರ ಅಂದರೆ 32 ಟನ್. ಒಂದು ಲೋಡ್ ಲಾರಿಯ ತೂಕ ಆ ಅಂಕಣದ ಮೇಲೆ ಹಗಲೂ ರಾತ್ರಿ ಹರಡಿಕೊಂಡು ಕೂತ ಹಾಗೆ. ರಸ್ತೆ ನುಣುಪಾಯಿತು ಅಂತ ನಾವು ಸಂತೋಷಪಡುತ್ತೇವೆ.

"ಇಷ್ಟು ವರ್ಷದಿಂದ ಓಡಾಡುತ್ತಿದ್ದೇವೆ, ಏನೂ ಆಗಿಲ್ಲವಲ್ಲ" ಅಂತ ಯಾರಾದರೂ ಹೇಳಬಹುದು. ಅದಕ್ಕೆ ಒಂದು ದೂರದ ಉದಾಹರಣೆ, ಒಂದು ಹತ್ತಿರದ ಉದಾಹರಣೆ ಕೊಡುತ್ತೇನೆ.

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಓಹಾಯೋ ನದಿಗೆ ಸಿಲ್ವರ್ ಬ್ರಿಜ್ ಅಂತ ಒಂದು ತೂಗುಸೇತುವೆ ಇತ್ತು. ಅದು 1928ರದ್ದು. ಕಟ್ಟುವ ಕಾಲದಲ್ಲಿ ಇದ್ದ ವಾಹನಗಳು ಹಗುರ, ಬರಬರುತ್ತಾ ವಾಹನ ಹೆಚ್ಚಿದವು, ಭಾರವೂ ಹೆಚ್ಚಿತು. 1967ರ ಡಿಸೆಂಬರ್ 15ರ ಸಂಜೆ ವಾಹನಗಳ ಸಾಲು ನಿಂತಿದ್ದಾಗ ಸೇತುವೆ ಪೂರ್ತಿ ನದಿಗೆ ಬಿತ್ತು. 46 ಜನ ಸತ್ತರು. ಹುಡುಕಿದಾಗ ಸಿಕ್ಕಿದ ಮೂಲ, ಒಂದು ಉಕ್ಕಿನ ಪಟ್ಟಿಯ ಕಣ್ಣಿನಲ್ಲಿ ಬರೀ ಎರಡೂವರೆ ಮಿಲಿಮೀಟರ್ ಆಳದ ಬಿರುಕು. ಅಂದು ಸಂಜೆ ಮೇಲಿದ್ದ ವಾಹನಗಳದ್ದೇ ತಪ್ಪು ಅನ್ನಲಾಗದು. ತುಕ್ಕೂ ಭಾರವೂ ಸೇರಿ ನಲವತ್ತು ವರ್ಷ ಬೆಳೆಸಿದ ಬಿರುಕು ಅದು. ಆ ದುರಂತದ ನಂತರವೇ ಆ ದೇಶದಲ್ಲಿ ಎಲ್ಲ ಹೆದ್ದಾರಿ ಸೇತುವೆಗಳನ್ನೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುವ, ದಾಖಲೆ ಇಡುವ ಕಾನೂನು ಬಂತು. ನಾನು ಕೆಲಸದಲ್ಲಿ ಬಳಸುವ ಸೇತುವೆಗಳ ಮಾಹಿತಿ ಆ 46 ಜನರ ಸಾವಿನಿಂದ ಶುರುವಾದ ದಾಖಲೆ.

ಹತ್ತಿರದ ಉದಾಹರಣೆ ನಿಮಗೆ ನೆನಪಿದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹತ್ತಿರ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ನಲವತ್ತು ವರ್ಷ ದಾಟಿದ್ದ ಸೇತುವೆ. ಆ ಹೊತ್ತಿನಲ್ಲಿ ದಾಟುತ್ತಿದ್ದ ಲಾರಿ ಒಂದು ನದಿಗೆ ಬಿತ್ತು, ಪುಣ್ಯಕ್ಕೆ ಚಾಲಕನನ್ನು ಉಳಿಸಿದರು. ಅದು ಭಾರದಿಂದಲೇ ಬಿತ್ತು ಅಂತ ನಾನು ಹೇಳುತ್ತಿಲ್ಲ. ಸೇತುವೆಗಳಿಗೆ ಉಪ್ಪುಗಾಳಿ, ತುಕ್ಕು, ಪ್ರವಾಹ, ಬುಡದ ಮರಳು ಹೋಗುವುದು, ಹೀಗೆ ಶತ್ರುಗಳು ಹಲವು. ನಾನು ಹೇಳುವುದು ಇಷ್ಟೇ: ಹಿಂದಿನ ದಿನವೂ ಆ ಸೇತುವೆಯ ಮೇಲೆ ವಾಹನಗಳು ಓಡಾಡಿದ್ದವು. ನಿನ್ನೆ ದಾಟಿತು ಅನ್ನುವುದು ಇವತ್ತಿಗೆ ಸಾಕ್ಷಿ ಆಗುವುದಿಲ್ಲ. ಉಕ್ಕಿನ ಸೇತುವೆಗಳ ಜೋಡಣೆಗಳಲ್ಲಿ ಒಂದೊಂದು ಲಾರಿಯಿಂದ ಆಗುವ ಸವೆತ ಸುಮಾರಾಗಿ ಭಾರದ ಘನದ ಲೆಕ್ಕದಲ್ಲಿ ಏರುತ್ತದೆ. ಭಾರ ಎರಡು ಪಟ್ಟಾದರೆ ಸವೆತ ಎಂಟು ಪಟ್ಟು.

ನಮ್ಮ ಕಾನೂನು ಏನು ಹೇಳುತ್ತದೆ? 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳ ತೂಕದ ಮಿತಿಯನ್ನೇ ಏರಿಸಿತು. ಎರಡು ಅಚ್ಚಿನ ಲಾರಿಗೆ ಒಟ್ಟು 16.2 ಟನ್ ಇದ್ದದ್ದು 18.5 ಆಯಿತು, ಮೂರು ಅಚ್ಚಿನದಕ್ಕೆ 25 ಇದ್ದದ್ದು 28.5 ಆಯಿತು. ವಿನ್ಯಾಸ ಮಾಡುವಾಗ ಇದಕ್ಕಿಂತ ಹೆಚ್ಚಿನ ಭಾರ ಹಿಡಿದಿರುವುದರಿಂದ ಗಟ್ಟಿಮುಟ್ಟಾದ ಸೇತುವೆಗೆ ಅದು ಭಯದ ವಿಷಯವಲ್ಲ. ಆದರೆ ಆ ಆದೇಶ ಬಂದ ದಿನ ಹಳೆಯ ಸೇತುವೆಗಳ ಶಕ್ತಿ ಏನೂ ಏರಲಿಲ್ಲ. ಇನ್ನು 2019ರ ತಿದ್ದುಪಡಿಯಂತೆ ಮಿತಿ ಮೀರಿದರೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಿನ ಸರಕು ಇಳಿಸಿಯೇ ಮುಂದೆ ಹೋಗಬೇಕು. ಓಡಿಸಿದವನಿಗೆ ಮಾತ್ರವಲ್ಲ, ಓಡಿಸಲು ಬಿಟ್ಟವನಿಗೂ ಅದು ಅನ್ವಯಿಸುತ್ತದೆ.

"ಹೆದ್ದಾರಿ ಸೇತುವೆ ನೂರು ಟನ್ನಿಗೆ ಕಟ್ಟಿರುತ್ತಾರೆ" ಅಂತ ಟೀ ಅಂಗಡಿಯಲ್ಲಿ ಹೇಳುವುದನ್ನು ಕೇಳಿದ್ದೇನೆ. ಅದು ಅರ್ಧ ನಿಜ. ವಿನ್ಯಾಸಕ್ಕೆ 70-ಆರ್ ಅನ್ನುವ 100 ಟನ್ನಿನ ಒಂದು ಮಾದರಿ ವಾಹನ ಬಳಸುತ್ತಾರೆ. ಆದರೆ ಆ ನೂರು ಟನ್ ಏಳು ಅಚ್ಚುಗಳ ಮೇಲೆ, 13 ಮೀಟರಿಗೂ ಹೆಚ್ಚು ಉದ್ದಕ್ಕೆ ಹರಡಿರುತ್ತದೆ. ತೆಂಗಿನ ದಿಮ್ಮಿಯ ಪಾಠ ನೆನಪಿಸಿಕೊಳ್ಳಿ. ಅದೂ ಅಲ್ಲದೆ ಆ ಲೆಕ್ಕ ಹೊಸ ಸೇತುವೆಯದ್ದು, ತುಕ್ಕು ಹಿಡಿದ ಸೇತುವೆಯದ್ದಲ್ಲ.

ಮಕ್ಕಳಿಗೆ ಒಂದು ಸಣ್ಣ ಲೆಕ್ಕ. ಟಿಪ್ಪರ್‌ನ ತೊಟ್ಟಿ 5 ಮೀಟರ್ ಉದ್ದ, 2.3 ಮೀಟರ್ ಅಗಲ, 1.4 ಮೀಟರ್ ಎತ್ತರ ಅನ್ನಿ. ಗುಣಿಸಿದರೆ ಸುಮಾರು 16 ಘನ ಮೀಟರ್. ಒಂದು ಘನ ಮೀಟರ್ ಜಲ್ಲಿ ಸುಮಾರು ಒಂದೂವರೆ ಟನ್. ತೊಟ್ಟಿ ತುಂಬ ತುಂಬಿದರೆ 24 ಟನ್. ಖಾಲಿ ಗಾಡಿಯ ತೂಕ 11 ಟನ್ ಹಿಡಿಯಿರಿ. ಒಟ್ಟು 35. ಮಿತಿ 28.5. ಕಾಗದ ನೋಡದೆ, ತೂಕದ ಯಂತ್ರ ಇಲ್ಲದೆ, ರಸ್ತೆ ಬದಿ ನಿಂತು ಹತ್ತನೇ ತರಗತಿಯ ಹುಡುಗಿ ಹಾಕಬಹುದಾದ ಲೆಕ್ಕ ಇದು.

ಇನ್ನೂ ಒಂದು ಸ್ವಾರಸ್ಯ. ಸೇತುವೆಯನ್ನೇ ತಕ್ಕಡಿ ಮಾಡಬಹುದು. 1979ರಲ್ಲಿ ಫ್ರೆಡ್ ಮೋಸೆಸ್ ಎಂಬ ಅಮೆರಿಕದ ಪ್ರಾಧ್ಯಾಪಕರು ಈ ವಿಧಾನ ಪ್ರಕಟಿಸಿದರು. ತೊಲೆಯ ಕೆಳಗೆ ಅದರ ಹಿಗ್ಗುವಿಕೆ ಅಳೆಯುವ ಸಣ್ಣ ಸಾಧನ ಅಂಟಿಸುತ್ತಾರೆ. ಲಾರಿ ದಾಟುವಾಗ ಆ ಅಳತೆ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಪ್ರತಿ ಕ್ಷಣಕ್ಕೆ ಒಂದು ಸಮೀಕರಣ, ಗೊತ್ತಿಲ್ಲದ ಸಂಖ್ಯೆಗಳು ಅಚ್ಚುಗಳ ಭಾರ. ಬಿಡಿಸಿದರೆ ಲಾರಿ ನಿಲ್ಲದೆಯೇ ಅದರ ತೂಕ ಸಿಗುತ್ತದೆ. "ಈ ಎಕ್ಸು ವೈ ಕಂಡುಹಿಡಿದು ನಾವೇನು ಮಾಡಬೇಕು ಸಾರ್" ಅಂತ ನಾನು ಕೇಳಿದ್ದಕ್ಕೆ ಗಣಿತದ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ದರು. ಸಾರ್, ಉತ್ತರ ಸಿಕ್ಕಿತು. ಸ್ವಲ್ಪ ತಡವಾಯಿತು.

ಈಗ ನಮ್ಮ ಸೇತುವೆ. ಹೋದ ತಿಂಗಳು ಊರಿಗೆ ಬಂದಾಗ ನಾನು ಮತ್ತು ನನ್ನ ಸಹಪಾಠಿಯೊಬ್ಬರು ಹಳ್ಳಕ್ಕೆ ಇಳಿದು ಕೆಳಗಿನಿಂದ ನೋಡಿದೆವು. ನಡುವಿನ ಅಂಕಣದ ತೊಲೆಯೊಂದರಲ್ಲಿ ಕಾಂಕ್ರೀಟ್ ಉದುರಿ ಮೊಳದುದ್ದ ಸರಳು ಕಾಣುತ್ತಿದೆ. ಅದರ ಪಕ್ಕ ಕೆಂಪು ನೀರಿನ ಕಲೆ ಇಳಿದಿದೆ. ಕಂಬದ ತಲೆಯಲ್ಲಿ ಅರಳಿ ಗಿಡ ಬೇರು ಬಿಟ್ಟಿದೆ. ನಾನು ಹುಡುಗನಾಗಿದ್ದಾಗ ಎದೆಮಟ್ಟ ಇದ್ದ ತಡೆಗೋಡೆ ಈಗ ಮೊಣಕಾಲಿಗಿಂತ ತುಸು ಮೇಲಿದೆ. ನಾನು ಬೆಳೆದಿದ್ದೇನೆ ನಿಜ, ಡಾಂಬರೂ ಬೆಳೆದಿದೆ. ಇದನ್ನು ನೋಡಿ ಸೇತುವೆ ಅಪಾಯದಲ್ಲಿದೆ ಅಂತ ಹೇಳುವ ಅರ್ಹತೆ ನನಗಿಲ್ಲ. ಪರೀಕ್ಷೆ ಬೇಕು ಅಂತ ಹೇಳುವ ಅರ್ಹತೆ ನಮಗೆಲ್ಲರಿಗೂ ಇದೆ.

ಪರೀಕ್ಷೆಗೆ ವಿಧಾನ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿಗಳಲ್ಲೇ ಇದೆ. ನಕ್ಷೆ ಇದ್ದರೆ ಲೆಕ್ಕ ಹಾಕುತ್ತಾರೆ. ಅನುಮಾನ ಇದ್ದರೆ ತೂಕ ಮಾಡಿದ ಲಾರಿಗಳನ್ನು ಹಂತ ಹಂತವಾಗಿ ಸೇತುವೆಯ ಮೇಲೆ ನಿಲ್ಲಿಸಿ, 24 ಗಂಟೆ ಬಿಟ್ಟು, ಎಷ್ಟು ಬಾಗಿತು ಅಂತ ಅಳೆಯುತ್ತಾರೆ. ಭಾರ ತೆಗೆದ ಮೇಲೆ ಸಾಮಾನ್ಯ ಕಾಂಕ್ರೀಟ್ ಸೇತುವೆಯಾದರೆ ಬಾಗಿದ್ದರಲ್ಲಿ ನೂರಕ್ಕೆ 75 ಭಾಗವಾದರೂ ವಾಪಸ್ ಬರಬೇಕು. ಬಾರದಿದ್ದರೆ ಭಾರದ ಮಿತಿಯ ಬೋರ್ಡು ಹಾಕಬೇಕು, ಬಲಪಡಿಸಬೇಕು, ಇಲ್ಲವೇ ಭಾರಿ ವಾಹನ ನಿಲ್ಲಿಸಬೇಕು.

ಹಾಗಾಗಿ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ನನ್ನದು ಮೂರು ಕೋರಿಕೆ. ಒಂದು, ಸುವರ್ಣ ಮಹೋತ್ಸವದ ನೆನಪಿಗೆ ಕಮಾನು, ಕಲ್ಲು ನಿಲ್ಲಿಸುವುದರ ಜೊತೆಗೆ, ಈ ಸೇತುವೆಯ ಪರೀಕ್ಷೆ ಮತ್ತು ಭಾರದ ಮಿತಿಯ ಬೋರ್ಡಿಗಾಗಿ ಲೋಕೋಪಯೋಗಿ ಇಲಾಖೆಗೆ ಎಲ್ಲರ ಸಹಿ ಇರುವ ಮನವಿ ಕೊಡೋಣ. ಕಾಗದಪತ್ರದ ಓಡಾಟ ನಾನು ಮಾಡುತ್ತೇನೆ. ಎರಡು, ವಿಜ್ಞಾನ ಸಂಘದ ಮಕ್ಕಳು ದೊಡ್ಡವರ ಜೊತೆ, ನೀರಿಲ್ಲದ ಕಾಲದಲ್ಲಿ ಹೋಗಿ, ವರ್ಷಕ್ಕೊಮ್ಮೆ ಅದೇ ಜಾಗದಿಂದ ಅದೇ ತೊಲೆಯ ಫೋಟೋ ತೆಗೆದು ದಿನಾಂಕ ಬರೆದಿಡಲಿ. ಬಿರುಕು ಬೆಳೆದಿದೆಯೋ ಇಲ್ಲವೋ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಮೂರನೆಯದು ಕಷ್ಟದ್ದು, ನಮ್ಮ ನಮ್ಮ ಲೋಡಿನ ವಿಷಯ.

ಅದನ್ನು ಹೇಳುವ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ತಂದೆ ಆ ಕಾಲದಲ್ಲಿ ಒಂಬತ್ತು ಟನ್ ಪಾಸಿಂಗ್ ಲಾರಿಗೆ ಹದಿನಾಲ್ಕು ಟನ್ ಕಬ್ಬು ಹೇರಿದವರೇ. ಬಾಡಿಗೆ ಟನ್ ಲೆಕ್ಕ. ಡೀಸೆಲ್ಲು, ಮಾಲೀಕರ ಪಾಲು, ಎಲ್ಲ ಒಂಬತ್ತು ಟನ್ನಿನಲ್ಲೇ ಮುಗಿಯುತ್ತಿತ್ತು. ಮನೆಗೆ ಬರುತ್ತಿದ್ದದ್ದು ಮೇಲಿನ ಐದು ಟನ್ನಿನ ದುಡ್ಡು. ನಾನು ಬಿ.ಇ. ಓದಿದ್ದು ಆ ಐದು ಟನ್ನಿನಲ್ಲಿ. ಇದನ್ನು ಇಲ್ಲಿ ಹೇಳಲೇ ಅಂತ ನಿನ್ನೆ ರಾತ್ರಿ ಅವರನ್ನು ಕೇಳಿದೆ. ಮೂರನೇ ಸಾಲಿನಲ್ಲಿ ಕೂತಿದ್ದಾರೆ. "ಹೇಳು, ಸುಳ್ಳೇನಲ್ಲವಲ್ಲ" ಅಂದರು.

ಆದ್ದರಿಂದ ಡ್ರೈವರನ್ನು ಬೈದರೆ ಕೆಲಸ ಆಗುವುದಿಲ್ಲ. ಲೋಡ್ ತುಂಬಿಸುವವರು ನಾವು. "ಇನ್ನೊಂದು ಹತ್ತು ಹೊರೆ ಎಸೆದುಬಿಡಣ್ಣ, ಇನ್ನೊಂದು ಟ್ರಿಪ್ ಯಾಕೆ" ಅನ್ನುವವರು ನಾವು. ಮನೆ ಕಟ್ಟುವಾಗ ಜಲ್ಲಿಯನ್ನು ಎರಡು ಲೋಡಿನ ಬದಲು ಒಂದೇ ಲೋಡಿನಲ್ಲಿ ತರಿಸುವವರೂ ನಾವೇ. ಟ್ರಾನ್ಸ್‌ಫಾರ್ಮರನ್ನು ಎರಡು ತುಂಡು ಮಾಡಲು ಆಗುವುದಿಲ್ಲ, ಅದಕ್ಕೇ ಅದಕ್ಕೆ ವಿಶೇಷ ಪರ್ಮಿಟ್ ಕೊಡುತ್ತಾರೆ. ಕಬ್ಬು, ಜಲ್ಲಿ, ಇಟ್ಟಿಗೆ ಎರಡು ಟ್ರಿಪ್ ಆಗಬಹುದು. ಆ ಎರಡನೇ ಟ್ರಿಪ್ಪಿನ ಬಾಡಿಗೆಯನ್ನು ಡ್ರೈವರ್ ಒಬ್ಬನ ತಲೆಗೆ ಕಟ್ಟದೆ, ಸರಕು ಯಾರದೋ ಅವರು ಕೊಡಬೇಕು. ನನ್ನ ಮೂರನೇ ಕೋರಿಕೆ ಇದು. ನಮ್ಮ ಮನೆಯ ಕಬ್ಬಿನಿಂದಲೇ ಈ ವರ್ಷ ಶುರು ಮಾಡಿದ್ದೇವೆ. ಖರ್ಚು ಹೆಚ್ಚಾಗಿದೆ, ಸುಳ್ಳು ಹೇಳುವುದಿಲ್ಲ.

ಈ ಶಾಲೆಗೆ ಐವತ್ತು ತುಂಬಿದೆ. ಇನ್ನೂ ಐವತ್ತು ವರ್ಷ ಮಕ್ಕಳು ಆ ಹಳ್ಳ ದಾಟಿ ಬರಬೇಕು. ಅಪ್ಪ ಹೇಳಿದ ಹಾಗೆ ಸೇತುವೆ ತಾನಾಗಿ ಏನೂ ಹೇಳುವುದಿಲ್ಲ, ಅದರ ಪರವಾಗಿ ನಾವು ಕೇಳಬೇಕು. ಮನವಿಯ ಪ್ರತಿ ಹೊರಗಿನ ಮೇಜಿನ ಮೇಲಿದೆ. ಊಟಕ್ಕೆ ಹೋಗುವ ಮುಂಚೆ ದಯವಿಟ್ಟು ಒಂದು ಸಹಿ ಹಾಕಿ.